ಜೇವರ್ಗಿಯ ಲಾಗಿನ್‌ಗೆ ಆಳಂದದ ದಾಖಲೆ ತೆರೆದುಕೊಂಡರೆ: ಅನುಮತಿ ದೋಷವನ್ನು ಹುಡುಕುವ ಕ್ರಮ

ಕಂಡ ಲಕ್ಷಣ

ಕಲಬುರಗಿಯಲ್ಲಿ ಮುಖ್ಯ ಕಚೇರಿ, ತಾಲ್ಲೂಕುಗಳಲ್ಲಿ ಶಾಖೆಗಳಿರುವ ತೊಗರಿ ಖರೀದಿ ಸಂಸ್ಥೆಯೊಂದರಲ್ಲಿ ಕಾಣಿಸಿಕೊಂಡ ದೋಷ ಇದು. ಜೇವರ್ಗಿ ಶಾಖೆಯ ಗುಮಾಸ್ತರು ರೈತರೊಬ್ಬರ ಪಾವತಿ ದಾಖಲೆ ತೆರೆಯುವಾಗ ಬ್ರೌಸರ್‌ನ ವಿಳಾಸಪಟ್ಟಿಯಲ್ಲಿದ್ದ ಸಂಖ್ಯೆಯ ಒಂದು ಅಂಕಿ ತಪ್ಪಿತು. ತೆರೆದುಕೊಂಡದ್ದು ಆಳಂದ ಶಾಖೆಯ ರೈತರ ದಾಖಲೆ. ಹೆಸರು, ಊರು, ತಂದ ತೊಗರಿಯ ತೂಕ, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲವೂ ಕಣ್ಣಮುಂದೆ. ಕೆಳಗೆ ‘ಪಾವತಿಗೆ ಒಪ್ಪಿಗೆ’ ಎಂಬ ಗುಂಡಿಯೂ ಕೆಲಸ ಮಾಡುವ ಸ್ಥಿತಿಯಲ್ಲಿತ್ತು. ಗುಮಾಸ್ತರಿಗೆ ಒಪ್ಪಿಗೆ ಕೊಡುವ ಅಧಿಕಾರವೇ ಇಲ್ಲ. ಅದು ಶಾಖಾ ವ್ಯವಸ್ಥಾಪಕರದು. ಅವರು ಗುಂಡಿ ಒತ್ತದೆ ಮುಖ್ಯ ಕಚೇರಿಗೆ ಫೋನ್ ಮಾಡಿದರು. ಅಂಥವರು ಸಿಕ್ಕುವುದು ಸಂಸ್ಥೆಯ ಭಾಗ್ಯ.

ಯಾಕೆಂದರೆ ಈ ಬಗೆಯ ದೋಷದ ದೂರು ಬರುವುದೇ ಅಪರೂಪ. ಇರಬೇಕಾದ ಅನುಮತಿ ಇಲ್ಲದಿದ್ದರೆ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಶಾಖೆಗಳಿಂದಲೂ ಕರೆ ಬರುತ್ತದೆ. ಇರಬಾರದ ಅನುಮತಿ ಇದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ, ಆದ್ದರಿಂದ ಯಾರೂ ಹೇಳುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ವೆಬ್ ತಂತ್ರಾಂಶಗಳ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯ 2017ರ ಪಟ್ಟಿಯಲ್ಲಿ ಮುರಿದ ಪ್ರವೇಶ ನಿಯಂತ್ರಣ 5ನೆಯ ಸ್ಥಾನದಲ್ಲಿತ್ತು. 2021ರಲ್ಲಿ 1ನೆಯ ಸ್ಥಾನಕ್ಕೆ ಬಂತು. ತಂತ್ರಾಂಶಗಳು ಪರಸ್ಪರ ಮಾತಾಡುವ ದಾರಿಗಳಾದ ಎಪಿಐಗಳಿಗೆಂದೇ ಅದು ಮಾಡುವ ಪ್ರತ್ಯೇಕ ಪಟ್ಟಿಯಲ್ಲಿ, 2019 ಮತ್ತು 2023 ಎರಡರಲ್ಲೂ ಮೊದಲ ಸ್ಥಾನದಲ್ಲಿರುವುದು ಜೇವರ್ಗಿಯಲ್ಲಿ ಕಂಡಂಥದ್ದೇ ದೋಷ: ಬೇರೆಯವರ ದಾಖಲೆಯ ಸಂಖ್ಯೆ ಕೊಟ್ಟರೆ ತೆರೆದುಕೊಳ್ಳುವುದು.

ಯಾರು ಲಾಗಿನ್ ಆಗಬಹುದು, ಅವರಿಗೆ ಯಾವ ಅಧಿಕಾರ ಎಂಬುದನ್ನು ನೋಡಿಕೊಳ್ಳಲು ಇಲ್ಲಿ ಬಳಕೆಯಲ್ಲಿದ್ದ ಗುರುತು ನಿರ್ವಹಣಾ ತಂತ್ರಾಂಶ (ಮುಂದೆ ‘ಗುರುತಿನ ಸರ್ವರ್’ ಎಂದರೆ ಇದೇ) ಕೀಕ್ಲೋಕ್. ಮುಕ್ತ ಆಕರದ್ದು, ಸಣ್ಣ ಸಂಸ್ಥೆಗಳಿಗೂ ಎಟುಕುವಂಥದ್ದು. ಹೆಸರುಗಳು ಅದರವಾದರೂ ಹುಡುಕುವ ಕ್ರಮ ಬೇರೆ ತಂತ್ರಾಂಶಗಳಿಗೂ ಹೊಂದುತ್ತದೆ.

ಕೈ ಹಾಕುವ ಮೊದಲು

ಗಾಬರಿಯಲ್ಲಿ ರೋಲ್‌ಗಳನ್ನು, ಎಂದರೆ ಖಾತೆಗೆ ಕೊಟ್ಟ ಅಧಿಕಾರಗಳನ್ನು, ಕಿತ್ತುಹಾಕಬೇಡಿ. ಕಿತ್ತ ಮೇಲೆ ಅವು ಎಲ್ಲಿಂದ ಬಂದಿದ್ದವು ಎಂಬುದು ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ದಾರಿಯಿಂದ ಮತ್ತೆ ಬರುತ್ತವೆ. ಮೊದಲು ಹಾನಿಯಾಗುವ ಕೆಲಸವನ್ನಷ್ಟೇ ನಿಲ್ಲಿಸಿ. ಇಲ್ಲಿ ಪಾವತಿ ಒಪ್ಪಿಗೆಯನ್ನು ತಾತ್ಕಾಲಿಕವಾಗಿ ಮುಖ್ಯ ಕಚೇರಿಯ ಇಬ್ಬರಿಗೆ ಸೀಮಿತಗೊಳಿಸಲಾಯಿತು, ಸಂಖ್ಯೆ ಕೊಟ್ಟು ನೇರವಾಗಿ ದಾಖಲೆ ತೆರೆಯುವ ಪುಟವನ್ನು ಮುಚ್ಚಲಾಯಿತು. ತೂಕ ಮತ್ತು ರಸೀದಿ ಕೆಲಸ ನಡೆಯುತ್ತಲೇ ಇತ್ತು. ತೊಗರಿ ಬರುವ ದಿನಗಳಲ್ಲಿ ಚೀಲಗಳೊಂದಿಗೆ ಸಾಲಿನಲ್ಲಿ ನಿಂತ ರೈತರನ್ನು ‘ಸರ್ವರ್ ಬಂದಾಗಿದೆ’ ಎಂದು ವಾಪಸು ಕಳಿಸುವುದು ಪರಿಹಾರವಲ್ಲ.

ಆಮೇಲೆ ಮೂರು ಪ್ರತಿಗಳನ್ನು ತೆಗೆದಿಡಿ: ಗುರುತಿನ ಸರ್ವರ್‌ನ ಸಂರಚನೆ, ಅದರ ಘಟನಾ ಲಾಗ್ (ಏನು ಯಾವಾಗ ನಡೆಯಿತೆಂಬ ದಾಖಲೆ), ಖರೀದಿ ತಂತ್ರಾಂಶದ ವೆಬ್ ಸರ್ವರ್ ಲಾಗ್. ಲಾಗ್‌ಗಳು ತಾವಾಗಿಯೇ ಅಳಿಯುವ ಏರ್ಪಾಡು ಇದ್ದರೆ ಅದನ್ನು ತಕ್ಷಣ ನಿಲ್ಲಿಸಿ.

ಸರ್ವರ್‌ನ ಆವೃತ್ತಿಯನ್ನೂ ಈಗಲೇ ನೋಡಿಬಿಡಿ. ದೋಷ ನಮ್ಮ ಸಂರಚನೆಯಲ್ಲಿರದೆ ತಂತ್ರಾಂಶದ ಒಳಗೇ ಇರುವ ಸಾಧ್ಯತೆ ಇದೆ. ಉದಾಹರಣೆಗೆ, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2024-3656 ಎಂದು ದಾಖಲಾದ ದೋಷದಲ್ಲಿ ಕೀಕ್ಲೋಕ್‌ನ ಆಡಳಿತ ಎಪಿಐನ ಕೆಲವು ದಾರಿಗಳು ಕಡಿಮೆ ಅಧಿಕಾರದ ಬಳಕೆದಾರರಿಗೂ ತೆರೆದುಕೊಳ್ಳುತ್ತಿದ್ದವು; 24.0.5 ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಹಳೆಯ ಆವೃತ್ತಿ ಇಟ್ಟುಕೊಂಡು ರೋಲ್‌ಗಳನ್ನು ಎಷ್ಟು ತಿದ್ದಿದರೂ ಇಂಥ ತೂತು ಮುಚ್ಚುವುದಿಲ್ಲ.

ಮೂರು ಪ್ರಶ್ನೆ, ಮೂರು ಕಡೆ ಉತ್ತರ

ಬಂದವರು ಯಾರು? ಅವರು ಯಾವ ಕೆಲಸ ಮಾಡಬಹುದು? ಯಾವ ದಾಖಲೆಯ ಮೇಲೆ ಮಾಡಬಹುದು? ಮೊದಲನೆಯದಕ್ಕೆ ಉತ್ತರ ಕೊಡುವುದು ಲಾಗಿನ್. ಎರಡನೆಯದಕ್ಕೆ ರೋಲ್‌ಗಳು. ಮೂರನೆಯದಕ್ಕೆ ಉತ್ತರ ಗುರುತಿನ ಸರ್ವರ್‌ನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ಏಕೆಂದರೆ ಯಾವ ದಾಖಲೆ ಯಾವ ಶಾಖೆಯದು ಎಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಖರೀದಿ ತಂತ್ರಾಂಶಕ್ಕೆ. ಎಪಿಎಂಸಿಯ ಗೇಟಿನಲ್ಲಿ ಪಾಸ್ ನೋಡಿ ಒಳಗೆ ಬಿಟ್ಟ ಕಾವಲುಗಾರ, ಒಳಗೆ ಹೋದವನು ಯಾರ ಅಂಗಡಿಯ ಚೀಲ ಎತ್ತುತ್ತಾನೆ ಎಂದು ನೋಡುತ್ತ ನಿಲ್ಲುವುದಿಲ್ಲ. ತಂತ್ರಾಂಶ ಬರೆದವರು ‘ಗುರುತಿನ ಸರ್ವರ್ ನೋಡಿಕೊಳ್ಳುತ್ತದೆ’ ಎಂದುಕೊಳ್ಳುತ್ತಾರೆ, ಗುರುತಿನ ಸರ್ವರ್ ನೋಡಿಕೊಳ್ಳುವವರು ‘ತಂತ್ರಾಂಶದವರು ಬರೆದಿರುತ್ತಾರೆ’ ಎಂದುಕೊಳ್ಳುತ್ತಾರೆ. ನಾನು ಕಂಡ ಅನುಮತಿ ದೋಷಗಳ ಪೈಕಿ ಹೆಚ್ಚಿನವು ಈ ಇಬ್ಬರ ನಡುವಿನ ಬಯಲಿನಲ್ಲಿಯೇ ಬಿದ್ದಿದ್ದವು.

ಆದ್ದರಿಂದ ಹುಡುಕಾಟದ ಪ್ರಶ್ನೆ ‘ಯಾರ ತಪ್ಪು’ ಎಂಬುದಲ್ಲ. ಈ ಕೋರಿಕೆಗೆ ‘ಸರಿ, ಹೋಗು’ ಎಂದ ಜಾಗ ಯಾವುದು ಎಂಬುದು.

ಸರ್ವರ್ ಕೊಡುವ ಉತ್ತರದ ಸಂಖ್ಯೆ ಇಲ್ಲಿ ನೆರವಾಗುತ್ತದೆ. 401 ಬಂದರೆ ಬಂದವರು ಯಾರೆಂದು ಸಾಬೀತಾಗಿಲ್ಲ. 403 ಬಂದರೆ ಕೋರಿಕೆ ಅರ್ಥವಾಗಿದೆ, ಆದರೆ ಅನುಮತಿ ಇಲ್ಲ. ದಾಖಲೆ ಇದೆ ಎಂಬ ಸಂಗತಿಯನ್ನೇ ಮುಚ್ಚಿಡಬೇಕಾದಾಗ 404, ಎಂದರೆ ‘ಸಿಗಲಿಲ್ಲ’ ಎಂಬ ಉತ್ತರ, ಕೊಡುವುದಕ್ಕೂ ಎಚ್‌ಟಿಟಿಪಿಯ ನಿಯಮದಲ್ಲಿ ಅವಕಾಶವಿದೆ. ಜೇವರ್ಗಿಯ ಲಾಗಿನ್‌ನಿಂದ ಆಳಂದದ ದಾಖಲೆ ಕೇಳಿದಾಗ ಬಂದದ್ದು 200, ಅಂದರೆ ‘ಸರಿ’. ಎಂದರೆ ಯಾವ ಹಂತದಲ್ಲೂ ತಡೆಯೇ ಇರಲಿಲ್ಲ.

ಟೋಕನ್ ಬಿಚ್ಚಿ ನೋಡುವುದು

ದೋಷ ಮರುಕಳಿಸುವಂತೆ ಪರೀಕ್ಷಾ ಖಾತೆಯೊಂದನ್ನು ಜೇವರ್ಗಿಯ ಗುಮಾಸ್ತರ ಗುಂಪಿಗೆ ಸೇರಿಸಿ ಲಾಗಿನ್ ಮಾಡಿ. ನಿಜವಾದ ನೌಕರರ ಪಾಸ್‌ವರ್ಡ್ ಕೇಳಬೇಡಿ. ಬ್ರೌಸರ್‌ನ ಡೆವಲಪರ್ ಉಪಕರಣಗಳ ನೆಟ್‌ವರ್ಕ್ ಭಾಗದಲ್ಲಿ ಎಪಿಐಗೆ ಹೋಗುವ ಕೋರಿಕೆಯನ್ನು ಆರಿಸಿದರೆ ಆಕ್ಸೆಸ್ ಟೋಕನ್, ಎಂದರೆ ಲಾಗಿನ್ ಆದವರಿಗೆ ಗುರುತಿನ ಸರ್ವರ್ ಬರೆದುಕೊಡುವ ಪ್ರವೇಶಪತ್ರ, ಸಿಗುತ್ತದೆ. ಚುಕ್ಕಿಗಳಿಂದ ಬೇರ್ಪಟ್ಟ ಮೂರು ಭಾಗಗಳ ಉದ್ದನೆಯ ಸಾಲು ಅದು. ನಡುವಿನ ಭಾಗ ಗುಪ್ತಲಿಪಿಯಲ್ಲ, ಬೇಸ್64 ಕ್ರಮದಲ್ಲಿ ಬರೆದದ್ದು ಅಷ್ಟೇ. ನಿಮ್ಮ ಗಣಕದಲ್ಲಿಯೇ ಬಿಚ್ಚಿಕೊಳ್ಳಿ. ಚಾಲ್ತಿಯಲ್ಲಿರುವ ಟೋಕನ್ ಅನ್ನು ಯಾವುದೋ ಜಾಲತಾಣದಲ್ಲಿ ಅಂಟಿಸಿ ಓದುವ ಅಭ್ಯಾಸ ಹಲವರಿಗಿದೆ. ಅದು ಕಚೇರಿಯ ಬೀಗದ ಕೈಯನ್ನು ಗುರುತಿಲ್ಲದವರ ಕೈಗೆ ಕೊಟ್ಟಂತೆಯೇ ಸರಿ.

ಒಳಗೆ ನೋಡಬೇಕಾದವು: ಯಾರು ಕೊಟ್ಟದ್ದು, ಯಾರಿಗಾಗಿ ಕೊಟ್ಟದ್ದು ಎಂದರೆ ಆಡಿಯನ್ಸ್, ಯಾವಾಗ ಮುಗಿಯುತ್ತದೆ, ಯಾವ ರಿಯಲ್ಮ್ ರೋಲ್‌ಗಳು (ಇಡೀ ಸಂಸ್ಥೆಗೆ ಅನ್ವಯಿಸುವವು), ಯಾವ ಕ್ಲೈಂಟ್ ರೋಲ್‌ಗಳು (ಕೀಕ್ಲೋಕ್‌ಗೆ ಜೋಡಿಸಿದ ಒಂದೊಂದು ತಂತ್ರಾಂಶಕ್ಕೆ ಸೀಮಿತವಾದವು; ಆ ತಂತ್ರಾಂಶವೇ ಕ್ಲೈಂಟ್). ನಮ್ಮ ಪರೀಕ್ಷಾ ಗುಮಾಸ್ತರ ಟೋಕನ್‌ನಲ್ಲಿ ‘ಪಾವತಿ-ಒಪ್ಪಿಗೆ’ ಎಂಬ ರೋಲ್ ಇತ್ತು. ಶಾಖೆ ಯಾವುದೆಂಬ ಮಾಹಿತಿಯೇ ಇರಲಿಲ್ಲ. ಇರಬಾರದ್ದು ಇದೆ, ಇರಬೇಕಾದದ್ದು ಇಲ್ಲ. ಒಂದೇ ಲಕ್ಷಣದ ಹಿಂದೆ ಎರಡು ಬೇರೆ ಬೇರೆ ದೋಷಗಳಿರುವುದು ಇಲ್ಲಿಯೇ ಗೊತ್ತಾಯಿತು. ಒಂದನ್ನು ಸರಿಪಡಿಸಿ ಗುಂಡಿ ಮಾಯವಾದದ್ದನ್ನು ಕಂಡು ಸಮಾಧಾನಪಟ್ಟುಕೊಂಡಿದ್ದರೆ ಇನ್ನೊಂದು ಉಳಿದುಬಿಡುತ್ತಿತ್ತು.

ಲಾಗಿನ್ ಮಾಡದೆಯೂ ಇದನ್ನು ನೋಡಬಹುದು. ಕೀಕ್ಲೋಕ್‌ನ ಆಡಳಿತ ಪುಟದಲ್ಲಿ ಆಯಾ ಕ್ಲೈಂಟ್‌ನ ‘ಕ್ಲೈಂಟ್ ಸ್ಕೋಪ್ಸ್’ ಒಳಗೆ ‘ಇವ್ಯಾಲ್ಯುಯೇಟ್’ ಎಂಬ ಭಾಗವಿದೆ. ಬಳಕೆದಾರರ ಹೆಸರು ಕೊಟ್ಟರೆ ಅವರಿಗೆ ಸಿಗುವ ಟೋಕನ್‌ನ ಮಾದರಿ ಕಾಣುತ್ತದೆ.

ರೋಲ್ ಎಲ್ಲಿಂದ ಬಂತು

ಗುಮಾಸ್ತರ ಖಾತೆಯ ‘ರೋಲ್ ಮ್ಯಾಪಿಂಗ್’ ತೆರೆದರೆ ‘ಪಾವತಿ-ಒಪ್ಪಿಗೆ’ ಕಾಣುವುದಿಲ್ಲ. ಇಲ್ಲಿಯೇ ಬಹಳ ಜನ ‘ಅವರಿಗೆ ಆ ರೋಲ್ ಕೊಟ್ಟೇ ಇಲ್ಲ’ ಎಂದು ತೀರ್ಮಾನಿಸಿ ಬೇರೆಡೆ ಹುಡುಕಲು ಹೊರಡುತ್ತಾರೆ. ಅದೇ ಪುಟದಲ್ಲಿ ‘ಹೈಡ್ ಇನ್‌ಹೆರಿಟೆಡ್ ರೋಲ್ಸ್’ ಎಂಬ ಚೌಕವಿದೆ, ಸಾಮಾನ್ಯವಾಗಿ ಅದಕ್ಕೆ ಗುರುತು ಹಾಕಿಯೇ ಇರುತ್ತದೆ. ಗುರುತು ತೆಗೆದರೆ ಬಳುವಳಿಯಾಗಿ ಬಂದ ರೋಲ್‌ಗಳೂ ಕಾಣುತ್ತವೆ.

ಬಳುವಳಿ ಬರುವ ದಾರಿಗಳು ಹಲವು. ಹೊಸ ಖಾತೆಗಳಿಗೆಲ್ಲ ತಾನಾಗಿ ಸಿಗುವ ಪೂರ್ವನಿಯೋಜಿತ ರೋಲ್ ಒಂದು. ರೋಲ್‌ನೊಳಗೆ ರೋಲ್ ಕಟ್ಟಿದ ಸಂಯುಕ್ತ ರೋಲ್ ಇನ್ನೊಂದು. ‘ವರದಿ ನೋಡುವುದು’ ಎಂಬ ಸಾಧು ಹೆಸರಿನೊಳಗೆ ಯಾರೋ ಎಂದೋ ಒಪ್ಪಿಗೆಯ ರೋಲ್ ಸೇರಿಸಿರಬಹುದು. ಮೂರನೆಯದು ಗುಂಪು. ಕೀಕ್ಲೋಕ್‌ನಲ್ಲಿ ಮೇಲಿನ ಗುಂಪಿಗೆ ಕೊಟ್ಟ ರೋಲ್ ಅದರ ಕೆಳಗಿನ ಎಲ್ಲ ಉಪಗುಂಪುಗಳಿಗೂ ಹರಿಯುತ್ತದೆ.

ನಮ್ಮ ದೋಷ ಇದ್ದದ್ದು ಅಲ್ಲಿ. ‘ಶಾಖೆಗಳು’ ಎಂಬ ಮೇಲಿನ ಗುಂಪು. ಅದರ ಕೆಳಗೆ ಜೇವರ್ಗಿ, ಆಳಂದ, ಅಫಜಲಪುರ, ಸೇಡಂ, ಚಿತ್ತಾಪುರ, ಚಿಂಚೋಳಿ. ಪ್ರತಿ ಶಾಖೆಯ ಕೆಳಗೆ ಗುಮಾಸ್ತರು, ವ್ಯವಸ್ಥಾಪಕರು. ಸುಗ್ಗಿಯ ಒತ್ತಡದಲ್ಲಿ ಯಾರೋ ಎಲ್ಲ ಶಾಖೆಗಳ ವ್ಯವಸ್ಥಾಪಕರಿಗೂ ಒಮ್ಮೆಗೇ ಒಪ್ಪಿಗೆಯ ಅಧಿಕಾರ ಕೊಡಲು ‘ಶಾಖೆಗಳು’ ಗುಂಪಿಗೇ ರೋಲ್ ಸೇರಿಸಿದ್ದರು. ವ್ಯವಸ್ಥಾಪಕರಿಗೆ ಸಿಕ್ಕಿತು, ಕೆಲಸ ಸಾಗಿತು. ಗುಮಾಸ್ತರಿಗೂ ಸಿಕ್ಕಿತು, ತೂಕದ ಮನೆಯ ಹಂಗಾಮಿ ಸಿಬ್ಬಂದಿಗೂ ಸಿಕ್ಕಿತು. ಅದನ್ನು ಯಾರೂ ನೋಡಲಿಲ್ಲ.

ಗುಂಪುಗಳನ್ನು ನೋಡುವಾಗ ಇನ್ನೆರಡು ಸಂಗತಿ ಕಣ್ಣಿಗೆ ಬಿದ್ದವು. ಚಿತ್ತಾಪುರದಿಂದ ಸೇಡಂಗೆ ವರ್ಗವಾದವರು ಎರಡೂ ಶಾಖೆಗಳ ಗುಂಪಿನಲ್ಲಿದ್ದರು. ವರ್ಗಾವಣೆಯಾದಾಗ ಹೊಸದಕ್ಕೆ ಸೇರಿಸುವಂತೆ ಅರ್ಜಿ ಬರುತ್ತದೆ, ಹಳೆಯದರಿಂದ ತೆಗೆಯುವಂತೆ ಬರುವುದಿಲ್ಲ. ಇನ್ನು ಹಂಗಾಮಿ ಸಿಬ್ಬಂದಿ. ‘ಅವರಿಗೆ ಏನಿದೆಯೋ ಅದೇ ಇವರಿಗೂ ಕೊಡಿ’ ಎಂಬ ಮಾತಿನ ಮೇಲೆ ತೆರೆದ ಖಾತೆಗಳು ಸುಗ್ಗಿ ಮುಗಿದ ಮೇಲೂ ಜೀವಂತವಾಗಿದ್ದವು. ಖಾತೆ ತೆರೆಯುವ ದಿನವೇ ಮುಚ್ಚುವ ದಿನಾಂಕವನ್ನೂ ಬರೆಸಿಕೊಳ್ಳಬೇಕು ಎಂದು ನಾನು ಪಟ್ಟು ಹಿಡಿಯುತ್ತೇನೆ.

ದಾಖಲೆಯ ಬಾಗಿಲಲ್ಲಿ ಕಾವಲಿದೆಯೇ

ರೋಲ್ ಸರಿಪಡಿಸಿದರೂ ಆಳಂದದ ರೈತರ ಖಾತೆ ಸಂಖ್ಯೆ ಜೇವರ್ಗಿಗೆ ಕಾಣುತ್ತಲೇ ಇರುತ್ತದೆ. ಏಕೆಂದರೆ ‘ದಾಖಲೆ ನೋಡುವುದು’ ಎಂಬ ರೋಲ್ ಗುಮಾಸ್ತರಿಗೆ ನ್ಯಾಯವಾಗಿಯೇ ಇದೆ. ಯಾವ ದಾಖಲೆ ಎಂಬುದನ್ನು ಯಾರೂ ಕೇಳುತ್ತಿಲ್ಲ.

ಪರೀಕ್ಷೆ ಸರಳ. ಜೇವರ್ಗಿ ಮತ್ತು ಆಳಂದ ಶಾಖೆಗಳಲ್ಲಿ ಒಂದೊಂದು ಪರೀಕ್ಷಾ ಖಾತೆ, ಒಂದೊಂದು ಪರೀಕ್ಷಾ ದಾಖಲೆ ಮಾಡಿ. ಜೇವರ್ಗಿಯ ಟೋಕನ್ ಹಿಡಿದು ಆಳಂದದ ದಾಖಲೆಯನ್ನು ಕರ್ಲ್ ಅಥವಾ ಪೋಸ್ಟ್‌ಮ್ಯಾನ್ (ಪರದೆಯ ಹಂಗಿಲ್ಲದೆ ಸರ್ವರ್‌ಗೆ ಕೋರಿಕೆ ಕಳಿಸುವ ಉಪಕರಣಗಳು) ಬಳಸಿ ನೇರವಾಗಿ ಕೇಳಿ. ಪರದೆಯ ಮೂಲಕ ಮಾತ್ರ ಪರೀಕ್ಷಿಸಿದರೆ ಸಾಲದು. ಪರದೆಯಲ್ಲಿ ಗುಂಡಿ ಅಡಗಿಸುವುದು ಅಂದಕ್ಕೆ ಸರಿ, ತಡೆಗೆ ಅಲ್ಲ. ಗುಂಡಿ ಕಾಣದಿದ್ದರೂ ಕೋರಿಕೆ ಕಳಿಸಬಹುದು.

ಪ್ರತಿ ದಾರಿಯನ್ನೂ ಹೀಗೆ ಕೇಳಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಪಟ್ಟಿಯ ಪುಟದಲ್ಲಿ ಶಾಖೆಯ ಸೋಸುವಿಕೆ ಇತ್ತು, ಹೀಗಾಗಿ ದಿನನಿತ್ಯದ ಕೆಲಸದಲ್ಲಿ ದೋಷ ಯಾರಿಗೂ ಕಾಣಲಿಲ್ಲ. ಒಂಟಿ ದಾಖಲೆಯ ಪುಟದಲ್ಲಿ ಇರಲಿಲ್ಲ. ರಸೀದಿ ಮುದ್ರಿಸುವ ದಾರಿಯಲ್ಲಿ ಇರಲಿಲ್ಲ. ಎಕ್ಸೆಲ್‌ಗೆ ಇಳಿಸುವ ದಾರಿಯಲ್ಲಿ ಸೋಸುವಿಕೆ ಇತ್ತು, ಆದರೆ ಶಾಖೆಯ ಸಂಕೇತವನ್ನು ಕೋರಿಕೆಯಿಂದಲೇ ತೆಗೆದುಕೊಳ್ಳುತ್ತಿತ್ತು. ಸಂಕೇತ ಬದಲಿಸಿ ಕಳಿಸಿದರೆ ಆ ಶಾಖೆಯ ಇಡೀ ಪಟ್ಟಿ ಇಳಿಯುತ್ತಿತ್ತು. ಮೂರರಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಇದು. ಒಂದೊಂದೇ ದಾಖಲೆ ತೆರೆಯಲು ತಾಳ್ಮೆ ಬೇಕು, ಇದಕ್ಕೆ ಅದೂ ಬೇಡ.

ಪರಿಹಾರ ದತ್ತಾಂಶ ಕೋಶಕ್ಕೆ ಹೋಗುವ ಪ್ರಶ್ನೆಯಲ್ಲಿಯೇ ಇರಬೇಕು: ಸಂಖ್ಯೆ ಇದು, ಜೊತೆಗೆ ಶಾಖೆಯೂ ಇದೇ. ಎರಡೂ ಹೊಂದಿದರೆ ಮಾತ್ರ ದಾಖಲೆ, ಇಲ್ಲವಾದರೆ 404. ಶಾಖೆ ಯಾವುದೆಂಬುದು ಸಹಿ ಪರಿಶೀಲಿಸಿದ ಟೋಕನ್‌ನಿಂದ ಬರಬೇಕೇ ಹೊರತು ಬಳಕೆದಾರರು ಕಳಿಸಿದ ಯಾವುದೇ ಮಾಹಿತಿಯಿಂದ ಅಲ್ಲ. ಎಲ್ಲ ಶಾಖೆಗಳನ್ನೂ ನೋಡಬೇಕಾದ ಲೆಕ್ಕ ಪರಿಶೋಧಕರಿಗೆ ಪ್ರತ್ಯೇಕ ರೋಲ್ ಇರಲಿ. ‘ಶಾಖೆ ಖಾಲಿ ಇದ್ದರೆ ಎಲ್ಲವೂ ಕಾಣಲಿ’ ಎಂದು ಬರೆಯಬೇಡಿ. ಹಾಗೆ ಬರೆದರೆ ಶಾಖೆ ನಮೂದಿಸಲು ಮರೆತ ಪ್ರತಿಯೊಂದು ಖಾತೆಯೂ ಪರಿಶೋಧಕರ ಖಾತೆಯಾಗುತ್ತದೆ. ದಾಖಲೆ ಸಂಖ್ಯೆಗಳನ್ನು ಊಹಿಸಲಾಗದ ಉದ್ದನೆಯ ಸಂಖ್ಯೆಗಳಾಗಿ ಬದಲಿಸೋಣ ಎಂಬ ಸಲಹೆಯೂ ಬಂತು. ಬದಲಿಸಿದರೆ ಒಳ್ಳೆಯದೇ. ಆದರೆ ರಸೀದಿಯ ಕೊಂಡಿ ವಾಟ್ಸಾಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವ ಕಡೆ ಸಂಖ್ಯೆ ಗುಟ್ಟಾಗಿ ಉಳಿಯುತ್ತದೆ ಎಂದು ನಂಬುವಂತಿಲ್ಲ.

ಶಾಖೆಯನ್ನು ಟೋಕನ್‌ಗೆ ಸೇರಿಸುವಾಗ ಒಂದು ಹಳ್ಳ ತಪ್ಪಿಸಿಕೊಳ್ಳಬೇಕು. ಬಳಕೆದಾರರ ವಿವರದಲ್ಲಿ ‘ಶಾಖೆ’ ಎಂಬ ಗುಣಲಕ್ಷಣ ಇಟ್ಟು ಅದನ್ನು ಟೋಕನ್‌ಗೆ ಕಳಿಸುವುದು ಸುಲಭದ ದಾರಿ. ಆದರೆ ಕೀಕ್ಲೋಕ್‌ನಲ್ಲಿ ಬಳಕೆದಾರರು ತಮ್ಮ ವಿವರಗಳನ್ನು ತಾವೇ ತಿದ್ದಿಕೊಳ್ಳುವ ಖಾತೆಯ ಪುಟವಿದೆ. ಆ ಗುಣಲಕ್ಷಣವನ್ನು ನಿರ್ವಾಹಕರು ಮಾತ್ರ ತಿದ್ದುವಂತೆ ಬಿಗಿಗೊಳಿಸದಿದ್ದರೆ ಗುಮಾಸ್ತರೇ ತಮ್ಮ ಶಾಖೆಯನ್ನು ಬದಲಿಸಿಕೊಳ್ಳಬಹುದು. ನನ್ನ ಆಯ್ಕೆ ಗುಂಪಿನ ಸದಸ್ಯತ್ವವನ್ನೇ ಟೋಕನ್‌ಗೆ ಕಳಿಸುವುದು. ಗುಂಪನ್ನು ಬದಲಿಸುವ ಅಧಿಕಾರ ಬಳಕೆದಾರರಿಗೆ ಇರುವುದಿಲ್ಲ.

ಇಲ್ಲಿ ಸಿಗದಿದ್ದರೆ ನೋಡಬೇಕಾದ ಬೇರೆ ಜಾಗಗಳು

ನಿಮ್ಮ ಕಡೆಯ ಲಕ್ಷಣ ಬೇರೆಯಾಗಿದ್ದರೆ ಕಾರಣವೂ ಬೇರೆ ಇರಬಹುದು. ರೋಲ್ ತೆಗೆದರೂ ಕೆಲಸ ನಡೆಯುತ್ತಿದೆಯೇ? ಟೋಕನ್‌ನ ಆಯುಷ್ಯ ನೋಡಿ. ಕೀಕ್ಲೋಕ್‌ನ ಪೂರ್ವನಿಯೋಜಿತ ಆಯುಷ್ಯ 5 ನಿಮಿಷ. ತಾಲ್ಲೂಕಿನ ನೆಟ್‌ವರ್ಕ್ ಕೈಕೊಡುತ್ತದೆ ಎಂದು ಅದನ್ನು ಇಡೀ ದಿನಕ್ಕೆ ಎಳೆದಿಟ್ಟರೆ ಬೆಳಿಗ್ಗೆ ತೆಗೆದ ಅನುಮತಿ ಸಂಜೆಯವರೆಗೂ ಬದುಕಿರುತ್ತದೆ. ಕೆಲವು ತಂತ್ರಾಂಶಗಳು ಲಾಗಿನ್ ಹೊತ್ತಿನ ರೋಲ್‌ಗಳನ್ನು ತಮ್ಮದೇ ಸೆಷನ್‌ನಲ್ಲಿ ನಕಲು ಮಾಡಿಕೊಳ್ಳುತ್ತವೆ. ಅಲ್ಲಿ ಲಾಗ್‌ಔಟ್ ಮಾಡಿಸದೆ ಬದಲಾವಣೆ ತಲುಪುವುದಿಲ್ಲ.

ಒಂದು ತಂತ್ರಾಂಶಕ್ಕೆ ಕೊಟ್ಟ ಟೋಕನ್ ಇನ್ನೊಂದರಲ್ಲಿ ನಡೆಯುತ್ತಿದ್ದರೆ ಆಡಿಯನ್ಸ್ ಪರಿಶೀಲನೆ ಇಲ್ಲ ಎಂದರ್ಥ. ಸಹಿ ಸರಿ ಇದೆ, ಅವಧಿ ಮುಗಿದಿಲ್ಲ ಎಂಬ ಎರಡೇ ಪರೀಕ್ಷೆ ಮಾಡಿ ಒಳಬಿಡುವ ಎಪಿಐಗಳು ಬೇಕಾದಷ್ಟಿವೆ. ಇದರ ಜೊತೆಗೆ ಕ್ಲೈಂಟ್‌ನಲ್ಲಿ ‘ಫುಲ್ ಸ್ಕೋಪ್ ಅಲೌಡ್’ ಎಂಬ ಆಯ್ಕೆ ಹೊಸ ಕ್ಲೈಂಟ್‌ಗಳಿಗೆ ತೆರೆದೇ ಇರುತ್ತದೆ; ಬಳಕೆದಾರರ ಎಲ್ಲ ರೋಲ್‌ಗಳೂ ಆ ಟೋಕನ್‌ಗೆ ತುಂಬಿಕೊಳ್ಳುತ್ತವೆ. ಹಾಜರಾತಿ ತಂತ್ರಾಂಶದ ಟೋಕನ್‌ಗೆ ಪಾವತಿಯ ರೋಲ್ ಬೇಕಿಲ್ಲ. ಮುಚ್ಚಿ, ಬೇಕಾದ ರೋಲ್‌ಗಳನ್ನಷ್ಟೇ ಹೆಸರಿಸಿ.

ಕೀಕ್ಲೋಕ್‌ನ ಅನುಮತಿ ನೀತಿಗಳನ್ನು ಬಳಸುವವರು ‘ಆಥರೈಸೇಶನ್’ ಭಾಗದ ಜಾರಿಯ ಬಗೆಯನ್ನು ನೋಡಬೇಕು. ‘ಪರ್ಮಿಸಿವ್’ ಎಂದಿದ್ದರೆ ನೀತಿ ಬರೆಯದ ಪ್ರತಿ ಸಂಪನ್ಮೂಲವೂ ತೆರೆದಿರುತ್ತದೆ. ಹಳೆಯ ಆವೃತ್ತಿಗಳಲ್ಲಿ ಎಲ್ಲಕ್ಕೂ ಒಪ್ಪಿಗೆ ಕೊಡುವ ಮಾದರಿ ನೀತಿಯೊಂದು ತಾನಾಗಿ ಸೃಷ್ಟಿಯಾಗುತ್ತಿತ್ತು. ಅದನ್ನು ಅಳಿಸದೆ, ನಿರ್ಣಯದ ಕ್ರಮವನ್ನು ‘ಅಫರ್ಮೇಟಿವ್’ ಎಂದು ಬದಲಿಸಿದ್ದರೆ ಆ ಒಂದೇ ‘ಹೌದು’ ಉಳಿದ ಎಲ್ಲ ‘ಇಲ್ಲ’ಗಳನ್ನು ಮೀರುತ್ತದೆ.

ಕಡೆಯದಾಗಿ ಸರ್ವಿಸ್ ಖಾತೆಗಳು, ಎಂದರೆ ಮನುಷ್ಯರ ಬದಲು ತಂತ್ರಾಂಶಗಳು ಬಳಸುವ ಖಾತೆಗಳು. ಮನುಷ್ಯರ ಖಾತೆಗಳನ್ನು ಜಾಲಾಡಿದ ಮೇಲೂ ಇವುಗಳನ್ನು ಮರೆಯುತ್ತಾರೆ. ರಾತ್ರಿ ವರದಿ ಕಳಿಸುವ ಸ್ಕ್ರಿಪ್ಟ್‌ಗೆ ಬಳಕೆದಾರರನ್ನು ನಿರ್ವಹಿಸುವ ಅಧಿಕಾರ ಏಕೆ ಎಂದು ಕೇಳಿ. ಉತ್ತರ ಸಿಗದಿದ್ದರೆ ತೆಗೆಯಿರಿ.

ಸರಿಪಡಿಸಿದ ಮೇಲೆ

‘ಪಾವತಿ-ಒಪ್ಪಿಗೆ’ ರೋಲ್ ಅನ್ನು ಮೇಲಿನ ಗುಂಪಿನಿಂದ ತೆಗೆದು ಪ್ರತಿ ಶಾಖೆಯ ವ್ಯವಸ್ಥಾಪಕರ ಉಪಗುಂಪಿಗೆ ಕೊಡಲಾಯಿತು. ಚಾಲ್ತಿಯಲ್ಲಿದ್ದ ಎಲ್ಲ ಸೆಷನ್‌ಗಳನ್ನೂ ಮುಕ್ತಾಯಗೊಳಿಸಲಾಯಿತು. ತಂತ್ರಾಂಶದ ಮೂರೂ ದಾರಿಗಳಿಗೆ ಶಾಖೆಯ ಷರತ್ತು ಸೇರಿತು. ಒಪ್ಪಿಗೆ ಕೊಡುವವರು ಅದೇ ದಾಖಲೆಯನ್ನು ನಮೂದಿಸಿದವರಾಗಿರಬಾರದು ಎಂಬ ಇನ್ನೊಂದು ಷರತ್ತನ್ನು ಸಂಸ್ಥೆಯವರೇ ಕೇಳಿ ಸೇರಿಸಿಕೊಂಡರು. ಒಳ್ಳೆಯ ಕೇಳಿಕೆ.

ಪರೀಕ್ಷೆಯ ಪಟ್ಟಿಯಲ್ಲಿ ‘ಆಗಬೇಕು’ ಎಂಬುದಕ್ಕಿಂತ ‘ಆಗಬಾರದು’ ಎಂಬ ಸಾಲುಗಳು ಹೆಚ್ಚಿರಲಿ. ಪ್ರತಿ ರೋಲ್, ಪ್ರತಿ ದಾರಿ, ಸ್ವಂತ ಶಾಖೆ ಒಮ್ಮೆ, ಬೇರೆ ಶಾಖೆ ಒಮ್ಮೆ. ಬೇರೆ ಶಾಖೆಯದಕ್ಕೆ 200 ಬಂದರೆ ಹೊಸ ಆವೃತ್ತಿ ಹೊರಗೆ ಹೋಗಬಾರದು. ಇದನ್ನು ಸ್ಕ್ರಿಪ್ಟ್ ಆಗಿ ಬರೆದು ಬಿಡುಗಡೆಯ ಹಂತದಲ್ಲಿಯೇ ಕಟ್ಟಿಹಾಕಿ. ಮುಂದೊಂದು ದಿನ ಹೊಸ ಮೊಬೈಲ್ ಆ್ಯಪ್‌ಗಾಗಿ ಹೊಸ ದಾರಿ ಬರೆಯುವವರಿಗೆ ಈ ಹಳೆಯ ಕಥೆ ಗೊತ್ತಿರುವುದಿಲ್ಲ.

ಇನ್ನು ಉಳಿದದ್ದು, ಇಷ್ಟು ದಿನ ಯಾರು ಏನು ನೋಡಿದರು ಎಂಬುದು. ಕೀಕ್ಲೋಕ್‌ನಲ್ಲಿ ಘಟನೆಗಳನ್ನು ಉಳಿಸಿಡುವ ಆಯ್ಕೆ ಪೂರ್ವನಿಯೋಜಿತವಾಗಿ ಮುಚ್ಚಿರುತ್ತದೆ; ಲಾಗಿನ್ ಘಟನೆಗಳು ಮತ್ತು ಆಡಳಿತ ಘಟನೆಗಳು ಎರಡನ್ನೂ ಪ್ರತ್ಯೇಕವಾಗಿ ತೆರೆಯಬೇಕು. ತೆರೆದಿದ್ದರೂ ಯಾವ ದಾಖಲೆ ಯಾರು ತೆರೆದರೆಂದು ಅದು ಹೇಳದು. ಅದಕ್ಕೆ ಖರೀದಿ ತಂತ್ರಾಂಶದ ಲಾಗ್ ಬೇಕು: ಬಳಕೆದಾರರ ಗುರುತು, ದಾಖಲೆಯ ಸಂಖ್ಯೆ, ದಾಖಲೆಯ ಶಾಖೆ, ಸಮಯ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅನಧಿಕೃತ ಪ್ರವೇಶ, ದತ್ತಾಂಶ ಸೋರಿಕೆಯಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸಣ್ಣ ಸಂಸ್ಥೆಗೆ ಇದೆಲ್ಲ ಏಕೆ ಎಂಬ ಮಾತು ಕೇಳಿಬರುತ್ತದೆ. ನಿರ್ದೇಶನ ಸಣ್ಣದು ದೊಡ್ಡದು ಎಂದು ಭೇದ ಮಾಡಿಲ್ಲ, ರೈತರ ಖಾತೆ ಸಂಖ್ಯೆಯೂ ಮಾಡುವುದಿಲ್ಲ.

ಲಾಗ್‌ನಲ್ಲಿ ಬೇರೆ ಶಾಖೆಯ ಲಾಗಿನ್‌ನಿಂದ ತೆರೆದ ದಾಖಲೆಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಆ ದಿನಗಳ ಪಾವತಿಯನ್ನು ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡಿ. ಖಾತೆ ಸಂಖ್ಯೆ ಬದಲಾದ ದಾಖಲೆಗಳಿದ್ದರೆ ಮೊದಲು ಅವನ್ನೇ ಎತ್ತಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೋರಿಕೆಯಾದಾಗ ದತ್ತಾಂಶ ಸಂರಕ್ಷಣಾ ಮಂಡಳಿಯ ಜೊತೆಗೆ ಬಾಧಿತ ವ್ಯಕ್ತಿಗೂ ತಿಳಿಸಬೇಕೆನ್ನುತ್ತದೆ. ಪಟ್ಟಿಯಲ್ಲಿರುವ ರೈತರಿಗೆ ಶಾಖೆಯವರು ಕರೆ ಮಾಡಿ, ಏನು ಕಂಡಿತ್ತು, ಯಾರಿಗೆ ಕಂಡಿತ್ತು, ಈಗ ಏನು ಮಾಡಲಾಗಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಲಿ. ಖಾತೆ ಸಂಖ್ಯೆಯನ್ನಾಗಲಿ ಒಟಿಪಿಯನ್ನಾಗಲಿ ಆ ಕರೆಯಲ್ಲಿ ಕೇಳಬಾರದು.